ಅಂಟುಗಾಲಿಯ ಸುಮಂಗಲಾ

"ನಮ್ಮ ಸೊಸಿ ಕಾರಿನ ಟೈರು ಅಂದ್ರ ಏನಂತ ತಿಳದೀರಿ? ಚಾರ್‌ಮಿನಾರದ ಗ್ವಾಡಿಗೆ ಹಚ್ಚಿ ಬಿಡ್ರಿ, ಹಲ್ಲಿ ಹಂಗ ಸರಸರ ಏರಿ, ತುದೀಗೆ ನಿಂತು ಒಮ್ಮೆ ಹಾರನ್ ಹೊಡದು, ಹಿಂದಿಂದಕ್ಕ ಇಳದು ಬರತೈತಿ. ಜಾರೂ ಮಾತ ಇಲ್ಲ!"

ಉಪ್ಪಲ್ ಮೆಟ್ರೊ ನಿಲ್ದಾಣದ ಕೆಳಗಿನ ಚಹಾದಂಗಡಿಯಲ್ಲಿ ಮಲ್ಲಣ್ಣನವರು ಈ ಮಾತನ್ನು ಎಷ್ಟು ಸಲ ಹೇಳಿದ್ದರೆಂದರೆ, ಅವರು ಬಾಯಿ ತೆರೆದ ಕೂಡಲೇ ಅಂಗಡಿಯವನು ಪಾತ್ರೆಯನ್ನು ಒಲೆಗೇರಿಸುತ್ತಿದ್ದ. ಕಾರು ಮಿನಾರದಿಂದ ಇಳಿದು ನೆಲ ಮುಟ್ಟುವ ಹೊತ್ತಿಗೆ ಚಹಾ ಸರಿಯಾಗಿ ಕುದಿ ಬರುತ್ತಿತ್ತು. ಗಡಿಯಾರ ಕೆಟ್ಟುಹೋದರೂ ಅವನಿಗೆ ಚಿಂತೆಯಿರಲಿಲ್ಲ.

ಮಲ್ಲಣ್ಣನವರು ಶಹಾಪುರದ ಕಡೆಯವರು. ಹರೆಯದಲ್ಲೇ ಹೈದರಾಬಾದಿಗೆ ಬಂದು, ಕೇಂದ್ರ ಸರ್ಕಾರದ ರಕ್ಷಣಾ ಕಾರ್ಖಾನೆಯೊಂದರ ತಪಾಸಣೆ ವಿಭಾಗಕ್ಕೆ ಸೇರಿ, ಅಲ್ಲೇ ತಲೆ ಬೆಳ್ಳಗೆ ಮಾಡಿಕೊಂಡು ನಿವೃತ್ತರಾದವರು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಿದ್ದರೂ ತಯಾರಾದ ಬಿಡಿಭಾಗವನ್ನು ತಿರುಗಿ ಕಳಿಸುವುದು ಅವರ ಉದ್ಯೋಗವಾಗಿತ್ತು. ಆ ಚಟ ಅವರ ಹಿಂದೆಯೇ ಮನೆಗೂ ಬಂತು. ಮದುವೆಯಾದ ಹೊಸತರಲ್ಲಿ ಹೆಂಡತಿ ಗುರುಬಾಯಿ ಮಾಡಿದ ರೊಟ್ಟಿ ದುಂಡಗಿಲ್ಲವೆಂದು ಒಮ್ಮೆ ತಿರುಗಿ ಕಳಿಸಿದರಂತೆ. ತಿರುಗಿ ಹೋದ ರೊಟ್ಟಿ ಮತ್ತೆ ಬರಲಿಲ್ಲ, ಬೇರೆಯದೂ ಬರಲಿಲ್ಲ. ಆವತ್ತಿನಿಂದ ಅಡುಗೆಮನೆಯ ತಪಾಸಣೆ ಕಾಯಮ್ಮಾಗಿ ನಿಂತುಹೋಯಿತು. ಹೀಗೆ ಜಗತ್ತಿನಲ್ಲಿ ಕಂಡದ್ದಕ್ಕೆಲ್ಲ ಕೊರತೆ ಹುಡುಕುವ ಮನುಷ್ಯ ಒಂದೇ ಒಂದು ಜೀವದ ಮುಂದೆ ಸೋತು ಕೈಚೆಲ್ಲಿದ್ದರು. ಅದು ಸೊಸೆ ಸುಮಂಗಲಾ.

ಸುಮಂಗಲಾ ಅದೇ ಕಾರ್ಖಾನೆಯ ಕ್ವಾರ್ಟರ್ಸ್‌ನಲ್ಲಿ ಹುಟ್ಟಿ ಬೆಳೆದವಳು. ತಂದೆ ಅಮರೇಶಪ್ಪ ಲಿಂಗಸುಗೂರಿನವರು, ಮಲ್ಲಣ್ಣನವರ ಜೊತೆಯ ನೌಕರ. ಓಣಿಯ ಬೇರೆ ಹುಡುಗಿಯರು ಬೊಂಬೆಗೆ ಸೀರೆ ಸುತ್ತುವ ವಯಸ್ಸಿನಲ್ಲಿ ಇವಳು ಅಪ್ಪನ ಮೊಪೆಡ್ಡನ್ನು ಅಂಗಳದಲ್ಲಿ ಬಿಚ್ಚಿ ಹರವಿಕೊಂಡು ಕೂಡುತ್ತಿದ್ದಳು. ತಿರುಗಿ ಜೋಡಿಸಿದಾಗ ಒಂದೆರಡು ನಟ್ಟು ಮಿಕ್ಕಿಬಿಡುತ್ತಿದ್ದವು. ಮೊಪೆಡ್ಡು ಮಾತ್ರ ಮೊದಲಿಗಿಂತ ಜೋರಾಗಿ ಓಡುತ್ತಿತ್ತು. ಅವಳು ಶಾಲೆ ಮುಗಿಸುವ ಹೊತ್ತಿಗೆ ಅಮರೇಶಪ್ಪನವರ ಮನೆಯಲ್ಲಿ ಹೀಗೆ ಮಿಕ್ಕ ನಟ್ಟುಗಳಿಂದಲೇ ಇನ್ನೊಂದು ಮೊಪೆಡ್ಡು ಕಟ್ಟಬಹುದಿತ್ತೆಂದು ಮಲ್ಲಣ್ಣನವರ ಅಂದಾಜು. ಅಂದಾಜು ಅವರದು, ಆದ್ದರಿಂದ ಅರ್ಧ ಕಳೆದು ನಂಬುವುದು ಒಳ್ಳೆಯದು.

ಮಗ ದೀಪಕನಿಗೆ ಅವಳನ್ನು ತಂದುಕೊಂಡ ಕಥೆಯೂ ಸಣ್ಣದಲ್ಲ. ಹುಡುಗಿ ಗೊತ್ತಿದ್ದವಳೇ ಆದರೂ ಹೆಣ್ಣು ನೋಡುವ ಶಾಸ್ತ್ರವನ್ನು ಬಿಡಲಾದೀತೆ? ಅಪ್ಪ ಮಗ ಸ್ಕೂಟರಿನ ಮೇಲೆ ಹೋದರು, ಉಪ್ಪಿಟ್ಟು ತಿಂದರು, ಚಹಾ ಕುಡಿದರು, ಹುಡುಗಿ ತಲೆ ತಗ್ಗಿಸಿ ಕೂತಳು, ಹುಡುಗ ಅವಳಿಗಿಂತ ಹೆಚ್ಚು ತಗ್ಗಿಸಿ ಕೂತ. ಹೊರಡುವಾಗ ಸ್ಕೂಟರು ಮೊಂಡು ಹಿಡಿಯಿತು. ದೀಪಕ ಒದ್ದ, ಮಲ್ಲಣ್ಣನವರು ಒದ್ದರು, ಬೀಗರಾಗಲಿದ್ದ ಅಮರೇಶಪ್ಪನವರೂ ಮರ್ಯಾದೆಗೆ ಒಂದು ಒದ್ದರು. ಸ್ಕೂಟರು ಕೆಮ್ಮಲೂ ಇಲ್ಲ. ಆಗ ರೇಷ್ಮೆ ಸೀರೆಯ ನಿರಿಗೆ ಎತ್ತಿ ಹಿಡಿದು ಸುಮಂಗಲಾ ಮೆಟ್ಟಿಲಿಳಿದು ಬಂದಳು. ಯಾರ ಮುಖವನ್ನೂ ನೋಡದೆ ಸ್ಕೂಟರನ್ನು ಒಂದು ಮಗ್ಗುಲಿಗೆ ವಾಲಿಸಿ, ತುಸು ಹೊತ್ತು ಹಾಗೇ ಹಿಡಿದು, ನೆಟ್ಟಗೆ ಮಾಡಿ, ಒಂದೇ ಒಂದು ಸಲ ಒದ್ದಳು. ಸ್ಕೂಟರು ಎದ್ದ ಸದ್ದಿಗೆ ಓಣಿಯ ನಾಯಿಗಳು ನಾಂಪಲ್ಲಿವರೆಗೆ ಓಡಿದುವಂತೆ.

ಮಲ್ಲಣ್ಣನವರು ಬೀಗರ ಕಡೆ ತಿರುಗಿ ತಮ್ಮ ಇಲಾಖೆಯ ಒಂದೇ ಶಬ್ದ ಹೇಳಿದರು: "ಪಾಸ್."

ಹುಡುಗನ ಅಭಿಪ್ರಾಯ ಕೇಳಲು ಎಲ್ಲರೂ ಮರೆತರು. ಅವನಿಗೂ ನೆನಪಾದದ್ದು ಮದುವೆಯ ಊಟಕ್ಕೆ ಕೂತಾಗ.

ಆಗ ಹೈಟೆಕ್ ಸಿಟಿಯ ಕಡೆ ಬಂಡೆ ಒಡೆದಲ್ಲೆಲ್ಲ ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ಸಂಜೆ ಬಂಡೆಯ ನೆರಳಿನಲ್ಲಿ ಮೇಕೆ ಕಟ್ಟಿ ಹೋದವನು ಮುಂಜಾನೆ ಬಂದು ನೋಡಿದರೆ, ಮೇಕೆಯ ಕೊರಳಿಗೆ ಗುರುತಿನ ಪಟ್ಟಿ ತೂಗಿಸಿ ಮೂರನೆಯ ಮಹಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂರಿಸಿರುತ್ತಿದ್ದರು. ಅಂಥ ಒಂದು ಕಂಪನಿಯಲ್ಲಿ ಸುಮಂಗಲೆಗೆ ಕೆಲಸ ಸಿಕ್ಕಿತು. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವ ಕೆಲಸ. "ನಮ್ಮ ಖಾನ್‌ದಾನಿ ಕಸಬ ಹಿಡದ್ಲು ನೋಡ್ರಿ!" ಎಂದು ಮಾವ ಓಣಿಗೆಲ್ಲ ಪೇಢೆ ಹಂಚಿದರು.

ಸಂಬಳ ಕೈಗೆ ಬಂದ ಹೆಂಗಸರು ಬಂಗಾರ ಕೊಳ್ಳುತ್ತಾರೆ, ಕೆಲವರು ಸೈಟು ಕೊಳ್ಳುತ್ತಾರೆ. ಸುಮಂಗಲಾ ಒಂದು ಹಳೆಯ ವಿದೇಶಿ ಕಾರು ತಂದಳು. ಎಂಜಿನ್ನಿನ ಬಲವೆಲ್ಲ ಹಿಂದಿನ ಎರಡು ಗಾಲಿಗೆ ಹೋಗುವಂಥದ್ದು. ಉಪ್ಪಲ್ಲಿನ ಕೈಗಾರಿಕಾ ಶೆಡ್ಡುಗಳ ನಡುವೆ ಗೆಳತಿ ಅಹಲ್ಯಾಳ ಗ್ಯಾರೇಜಿತ್ತು. ವರ್ಷಗಟ್ಟಲೆ ಪ್ರತಿ ಭಾನುವಾರ ಅಲ್ಲಿಗೆ ಹೋಗಿ, ಹಳೆಯ ಅಂಗಿ ತೊಟ್ಟು, ಎಂಜಿನ್ನನ್ನು ಬಿಚ್ಚಿ, ಬಲ ಹೆಚ್ಚಿಸುವ ಟರ್ಬೊ ಕೂಡಿಸಿ, ಮತ್ತೆ ಕಟ್ಟಿ, ಅದನ್ನು ಐನೂರು ಕುದುರೆ ಶಕ್ತಿಗೆ ತಂದು ನಿಲ್ಲಿಸಿದಳು. ಈ ಸಲ ಒಂದು ನಟ್ಟೂ ಮಿಕ್ಕಿರಲಿಲ್ಲ. ಮಲ್ಲಣ್ಣನವರು ಖುದ್ದಾಗಿ ಹೋಗಿ ಶೆಡ್ಡಿನ ಮೂಲೆಮೂಲೆ ತಡಕಿ ನೋಡಿ ಬಂದಿದ್ದರು.

ತೊಡಕು ಆಮೇಲೆ ಬಂತು. ಸಾದಾ ಟೈರಿಗೆ ಐನೂರು ಕುದುರೆಯ ಎಳೆತ ತಡೆಯದು. ಸಿಗ್ನಲ್ಲಿನಲ್ಲಿ ಹಸಿರು ಬಿದ್ದರೆ ಹಿಂದಿನ ಗಾಲಿಗಳು ನಿಂತಲ್ಲೇ ಗಿರಗಿರ ತಿರುಗುತ್ತಿದ್ದವು; ಕಾರು ಕಿರುಚುತ್ತಿತ್ತು, ಹೊಗೆ ಏಳುತ್ತಿತ್ತು; ಪಕ್ಕದಲ್ಲಿ ಕೊಡ ಹೊತ್ತ ಮುದುಕಿ ಮುಂದೆ ದಾಟಿ ಹೋಗುತ್ತಿದ್ದಳು. ಅದಕ್ಕೆ ಸುಮಂಗಲಾ ಹೊರದೇಶದಿಂದ ಡ್ರ್ಯಾಗ್ ರೇಡಿಯಲ್ ಎಂಬ ಟೈರು ತರಿಸಿ ಹಿಂದಿನ ಗಾಲಿಗಳಿಗೆ ಹಾಕಿದಳು. ನೆಟ್ಟನೆಯ ರಸ್ತೆಯಲ್ಲಿ ಒಂದೇ ಉಸಿರಿಗೆ ಓಡುವ ಪಂದ್ಯದವರು ಬಳಸುವ ಟೈರು ಅದು. ರಬ್ಬರು ಮೆತ್ತಗೆ, ಬಿಸಿಯಾದರೆ ಹಲಸಿನ ಮೇಣದ ಹಾಗೆ ರಸ್ತೆಗೆ ಅಂಟಿಕೊಳ್ಳುತ್ತದೆ. ಪಂದ್ಯದವರು ಅದನ್ನು ಹಾಕುತ್ತಾರೆ, ಓಡಿಸುತ್ತಾರೆ, ಬಿಚ್ಚಿ ಜೋಪಾನವಾಗಿ ಎತ್ತಿಡುತ್ತಾರೆ. ಸುಮಂಗಲಾ ಹಾಕಿದಳು, ಆಮೇಲೆ ಬಿಚ್ಚಲೇ ಇಲ್ಲ. ದಿನಾ ಅದೇ ಟೈರಿನ ಮೇಲೆ ಉಪ್ಪಲ್ಲಿನಿಂದ ಊರು ದಾಟಿ ಆಫೀಸಿಗೆ.

"ಧಾರೀ ಸೀರಿ ಉಟ್ಕೊಂಡು ದಿನಾ ನೀರು ಸೇದಿದಂಗ ಆತಿದು," ಎಂದು ದೀಪಕ ಗೊಣಗಿದ.

"ಪೆಟ್ಟಿಗ್ಯಾಗ ಇಟ್ರ ಹುಳಾ ತಿಂತಾವ್ರೀ. ಉಡಾಕಂತ ತಂದೀನಿ, ಉಡತೀನಿ," ಎಂದಳು ಅವಳು.

ಆ ಟೈರು ಅಂಟುವ ಪರಿಯನ್ನು ಕಂಡವರೇ ನಂಬಬೇಕು. ರಸ್ತೆಯಲ್ಲಿ ಬಿದ್ದದ್ದೆಲ್ಲ ಅದಕ್ಕೆ ಬೇಕು. ಬಿಸಿಲೇರಿದ ಮೇಲೆ ಹೊರಟರೆ ಜಲ್ಲಿಕಲ್ಲು ಎತ್ತೆತ್ತಿ ಮಡ್‌ಗಾರ್ಡಿಗೆ ಬಡಿದು, ಭಟ್ಟಿಯಲ್ಲಿ ಚುರುಮುರಿ ಹುರಿದ ಸದ್ದು. ಮನೆಗಳ ಮುಂದಿನ ರಂಗೋಲಿಯನ್ನು ಎತ್ತಿಕೊಂಡು ಹೋಗಿ ಮುಂದಿನ ಓಣಿಯಲ್ಲಿ ಅಚ್ಚು ಒತ್ತುತ್ತಿತ್ತಂತೆ. ಸಂಕ್ರಾಂತಿಯ ರಂಗೋಲಿ ಸ್ಪರ್ಧೆಯಲ್ಲಿ ಒಬ್ಬ ಹೆಣ್ಣುಮಗಳು ಬಾಗಿಲೇ ತೆರೆಯದೆ ಎರಡನೆಯ ಬಹುಮಾನ ಗೆದ್ದಳೆಂದು ಮಲ್ಲಣ್ಣನವರು ಆಣೆ ಇಟ್ಟು ಹೇಳುತ್ತಿದ್ದರು.

ಸಂಜೆ ಕಾರು ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಸೆಲ್ಲಾರಿಗೆ ಇಳಿದರೆ ಮಲ್ಲಣ್ಣನವರ ಡ್ಯೂಟಿ ಶುರು. ಮಣೆ ಹಾಕಿಕೊಂಡು, ಕನ್ನಡಕ ಮೂಗಿಗೇರಿಸಿ, ಸ್ಕ್ರೂಡ್ರೈವರಿನಿಂದ ಟೈರಿಗೆ ಅಂಟಿದ್ದನ್ನು ಒಂದೊಂದೇ ಕೀಳುತ್ತ ಕೂಡುವರು. ನಿವೃತ್ತಿಯಾದ ಮೇಲೆ ಅವರಿಗೆ ಸಿಕ್ಕ ದಿನಪತ್ರಿಕೆ ಅದು. ಗುಳಿಗೆಯ ಖಾಲಿ ಹಾಳೆ ಸಿಕ್ಕರೆ, "ಇವತ್ತು ಕೋಠಿ ಔಷಧ ಬಜಾರದ ಮ್ಯಾಲೆ ಬಂದೀಯೇನವ್ವ?" ಎನ್ನುವರು. ಜಾತ್ರೆಯ ತಗಡಿನ ಪೀಪಿಯ ಚೂರು ಸಿಕ್ಕರೆ, "ನಾಂಪಲ್ಲಿ ನುಮಾಯಿಶ್ ಮುಂದ ಟ್ರಾಫಿಕ್ ಜಾಮ್ ಇತ್ತೇನ?" ಸುಮಂಗಲಾ ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕೂತು, ಟೈರಿನ ಮೈ ಸವರಿ, ಗಾಳಿ ನೋಡಿ, ಮಾವನ ಊಹೆ ಸರಿಯೆಂದು ತಲೆಯಾಡಿಸುವಳು. ಊಹೆ ತಪ್ಪಿದ ದಿನವೂ ಆಡಿಸುವಳು. ಮಗನ ಜೊತೆ ಇಡೀ ವರ್ಷ ಆಡದಷ್ಟು ಮಾತು ಮಲ್ಲಣ್ಣನವರು ಆ ಟೈರಿನ ಮುಂದೆ ಸೊಸೆಯ ಜೊತೆ ಒಂದು ಸಂಜೆಗೆ ಆಡುತ್ತಿದ್ದರು.

ಅಂಟುಗಾಲಿಯ ಕೊರತೆ ಸುಮಂಗಲೆಗೆ ಗೊತ್ತಿರಲಿಲ್ಲವೆಂದಲ್ಲ. ನೀರು ಹೊರಗೆ ಚೆಲ್ಲುವ ಗೀರುಗಳು ಆ ಟೈರಿಗೆ ಹೆಸರಿಗಷ್ಟೇ ಇದ್ದವು. ಒದ್ದೆ ರಸ್ತೆಯಲ್ಲಿ ಅದು ಸಾಬೂನು. ಅದಕ್ಕೇ ಅವಳು ದಿನಾ ಮುಂಜಾನೆ ಹಲ್ಲುಜ್ಜುತ್ತ ತಾರಸಿಗೆ ಹೋಗಿ ಮುಗಿಲು ನೋಡುವಳು. ತುಸು ಕಪ್ಪು ಕಂಡರೂ, "ಇವತ್ತು ಕುದುರಿಗೆ ರಜಾ," ಎಂದು ಕೀಲಿಯನ್ನು ಮೊಳೆಗೆ ತೂಗುಹಾಕಿ ಮೆಟ್ರೊ ಹತ್ತುವಳು. ಆ ವರ್ಷ ಮೆಟ್ರೊ ಹೈಟೆಕ್ ಸಿಟಿಯನ್ನೂ ಮುಟ್ಟಿತ್ತು. ಅವಳ ಕಣ್ಣು ಎಷ್ಟು ಖಚಿತವೆಂದರೆ, ಸೆಲ್ಲಾರಿನಿಂದ ಕಾರಿನ ಗುಡುಗು ಕೇಳಿಸಿತೆಂದರೆ ಅಪಾರ್ಟ್‌ಮೆಂಟಿನ ಹೆಂಗಸರು ತಾರಸಿಗೆ ಹಪ್ಪಳ ಹೊತ್ತು ಹೊರಡುತ್ತಿದ್ದರು. ಹವಾಮಾನದವರು ಮಳೆ ಎಂದರೂ ಕೇಳುತ್ತಿರಲಿಲ್ಲ.

ಆದರೆ ದೀಪಕ ಬೇರೆ ಅಚ್ಚಿನ ಮನುಷ್ಯ. ಬ್ಯಾಂಕಿನ ಕೆಲಸ, ಸ್ಕೂಟರನ್ನು ತಳ್ಳಿಕೊಂಡು ಹೋಗುವಾಗಲೂ ಹೆಲ್ಮೆಟ್ಟು ಬಿಗಿಯುವ ಜಾಗರೂಕ. ಹೆಂಡತಿ ಕಾರು ತೆಗೆದ ದಿನ ಅವಳು ಆಫೀಸು ಮುಟ್ಟಿದೆನೆಂಬ ಫೋನು ಬರುವ ತನಕ ಅವನಿಗೆ ನೀರೂ ಇಳಿಯುತ್ತಿರಲಿಲ್ಲ. ಅದರ ಮೇಲೆ ಅಪಾರ್ಟ್‌ಮೆಂಟಿನ ಸೆಕ್ರೆಟರಿ ರಾವ್ ಗಾರು ಬೇರೆ, ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಕಾರಿನ ಸದ್ದಿಗೆ ತಮ್ಮ ಮನೆಯ ಸ್ಟೀಲಿನ ಲೋಟಗಳು ಕಪಾಟಿನಿಂದ ನಡೆದು ಹೊರಗೆ ಬರುತ್ತವೆಂದು ದೂರುತ್ತಿದ್ದರು. ಕೊನೆಗೆ ದೀಪಕ ಒಂದು ದಿನ ಊಟಕ್ಕೆ ಕೂತಾಗ ತಂದೆತಾಯಿಯ ಎದುರಿಗೇ ಕರಾರು ಹಾಕಿದ.

"ನೋಡು ಸುಮಾ, ಈ ಟೈರಿನ ದೆಸಿಯಿಂದ ಯಾವತ್ತು ಈ ಕಾರು ತನ್ನ ಕಾಲ ಮ್ಯಾಲೆ ತಾನು ಗೇಟ್ ದಾಟೂದಿಲ್ಲೋ, ಅವತ್ತ ಮಾರಿಬಿಡೂಣು. ನಮ್ಮ ಬ್ಯಾಂಕಿನ್ಯಾಗ ಒಬ್ಬಾಂವ ತೊಗೊಳ್ಳಾಕ ತಯಾರ ಅದಾನ. ಸುಮ್ಮನ ಒಂದು ಸಾದಾ ಮನಿ ಕಾರು ತರೂಣು."

ಗುರುಬಾಯಿ ಸೊಸೆಯ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದರು. ಸುಮಂಗಲಾ ರೊಟ್ಟಿ ಮುರಿಯುತ್ತ, "ಆಗಲ್ರಿ," ಎಂದಳು. ಅಷ್ಟೇ. ಆದರೆ ಅವಳ ಕೈಯಲ್ಲಿದ್ದ ರೊಟ್ಟಿಯ ಚೂರು ಸಾರಿಗೆ ಹೋಗದೆ ತಟ್ಟೆಯ ಅಂಚಿನಲ್ಲೇ ನಿಂತದ್ದನ್ನು ತಪಾಸಣೆಯ ಕಣ್ಣು ಕಂಡಿತು. ವರ್ಷಗಳ ಭಾನುವಾರಗಳೆಲ್ಲ ಆ ಕಾರಿನಲ್ಲಿದ್ದವು. ಮಲ್ಲಣ್ಣನವರು ಧೈರ್ಯ ಕೊಡಲು ಗಂಟಲು ಸರಿಮಾಡಿಕೊಂಡು, "ಚಾರ್‌ಮಿನಾರ ಏರೂ ಟೈರಿಗೆ ಗೇಟ್ ಯಾವ ಲೆಕ್ಕ!" ಎಂದರು.

ಅದಾಗಿ ಕೆಲವು ವಾರಕ್ಕೆ ನವರಾತ್ರಿ ಬಂತು. ನವಮಿಯ ದಿನ ಖಂಡೇಪೂಜೆ. ಉಳಿದವರು ಆಯುಧಪೂಜೆ ಎನ್ನುವುದನ್ನು ಶಹಾಪುರದವರು ಹೀಗೆ ಕರೆಯುತ್ತಾರೆ. ಆ ದಿನ ಕಾರ್ಖಾನೆಯಲ್ಲಿ ಮಲ್ಲಣ್ಣನವರು ಪ್ರತಿ ಯಂತ್ರಕ್ಕೂ ಎಣ್ಣೆ ಕಂಡಿದೆಯೇ ಎಂದು ಬೆರಳಿಟ್ಟು ನೋಡಿಯೇ ಕುಂಕುಮ ಹಚ್ಚಲು ಬಿಡುತ್ತಿದ್ದರು. ಊರಲ್ಲಾದರೆ ಎತ್ತಿನ ಕೊಂಬಿಗೂ ಎಣ್ಣೆ, ಬಂಡಿಯ ಅಚ್ಚಿಗೂ ಎಣ್ಣೆ, ಕುಡಗೋಲಿಗೂ ಎಣ್ಣೆ. ಎಣ್ಣೆ ಕಾಣದ ಕಬ್ಬಿಣ ಅವರ ಲೆಕ್ಕದಲ್ಲಿ ಅಂದು ಹಬ್ಬವಿಲ್ಲದ ಅನಾಥ.

ನಸುಕಿನಲ್ಲೇ ಮಿಂದು ಸೆಲ್ಲಾರಿಗಿಳಿದ ಮಲ್ಲಣ್ಣನವರ ಕಣ್ಣು ಹಿಂದಿನ ಟೈರುಗಳ ಮೇಲೆ ಬಿತ್ತು. ಧೂಳಿನಲ್ಲಿ ಬೂದಿಬಣ್ಣಕ್ಕೆ ತಿರುಗಿ, ಚಳಿಗಾಲದ ಹಿಮ್ಮಡಿಯ ಹಾಗೆ ಒರಟಾಗಿ ಕಂಡವು. ಊರು ತುಂಬ ಓಡಾಡಿ ಸೊಸೆಯನ್ನು ಮನೆಗೆ ತಂದು ಮುಟ್ಟಿಸುವ ಜೀವಗಳು. ಹಬ್ಬದ ದಿನ ಒಂದು ಹನಿ ಎಣ್ಣೆ ಬೇಡವೆ? ಗುರುಬಾಯಿಯವರ ಅಡುಗೆಮನೆಯಲ್ಲಿ ಶಹಾಪುರದ ಗಾಣದಿಂದ ತರಿಸಿದ ಕುಸುಬಿ ಎಣ್ಣೆಯ ಡಬ್ಬಿಯಿತ್ತು. ಅದನ್ನು ಮೆಲ್ಲಗೆ ಕೆಳಗೆ ತಂದು, ಬಾಣಂತಿಯ ಕೂಸಿಗೆ ತಿಕ್ಕಿದ ಹಾಗೆ, ಎರಡೂ ಟೈರಿನ ಮೈಗೆ ಮಗ್ಗುಲಿಗೆ ಸಂದಿಗೊಂದಿಗೆ ತಿಕ್ಕಿದರು. ಮೆತ್ತನೆ ರಬ್ಬರು ಕುಡಿಯಿತು. ಮತ್ತೆ ಹಚ್ಚಿದರು. ಮತ್ತೆ ಕುಡಿಯಿತು. ಡಬ್ಬಿ ಬರಿದಾದಾಗ ಟೈರುಗಳು ನೇರಳೆಹಣ್ಣಿನ ಹಾಗೆ ಮಿರುಗುತ್ತಿದ್ದವು. ಮಲ್ಲಣ್ಣನವರು ಎದೆಯುಬ್ಬಿಸಿ ಒಮ್ಮೆ ಸುತ್ತು ಹಾಕಿ ನೋಡಿದರು. ತಮ್ಮ ಸೇವಾವಧಿಯಲ್ಲೆಲ್ಲ ಇಷ್ಟು ಚೊಕ್ಕ ಕೆಲಸವನ್ನು ಅವರು ಒಮ್ಮೆಯೂ ಪಾಸು ಮಾಡಿ ಕಳಿಸಿರಲಿಲ್ಲ.

ಬಿಸಿಲೇರುವ ಹೊತ್ತಿಗೆ ಸೆಲ್ಲಾರಿನಲ್ಲಿ ಜನ ಸೇರಿದರು. ಅಪಾರ್ಟ್‌ಮೆಂಟಿನ ಗಾಡಿಗಳೆಲ್ಲ ಚೆಂಡುಹೂ ಮುಡಿದು ನಿಂತಿದ್ದವು. ಕುಂಬಳಕಾಯಿ, ಊದುಬತ್ತಿ, ಕೇಸರಿಬಾತು. ಐನೂರು ಕುದುರೆಯ ಪೂಜೆ ನೋಡಲು ಚಹಾದಂಗಡಿಯವನೂ ಅಂಗಡಿ ಬಿಟ್ಟು ಬಂದಿದ್ದ.

"ಮಾವಾರ, ಟೈರು ನೀವ ತೊಳದೀರೇನ್ರೀ? ಭಾಳ ಚಂದ ಮಿಂಚಾಕತ್ತಾವ," ಎಂದಳು ಸುಮಂಗಲಾ.

"ಕನ್ನಡಿ ಮಾಡೀನಿ ನೋಡವ್ವ, ಕನ್ನಡಿ! ಮಾರಿ ನೋಡಿಕೊಂಡು ಕುಂಕುಮ ಹಚ್ಚಿಕೋ," ಎಂದರು ಮಲ್ಲಣ್ಣನವರು.

ಗುರುಬಾಯಿ ಆರತಿ ಬೆಳಗಿದರು, ನಾಲ್ಕೂ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು. ಪೂಜೆಯಾದ ಗಾಡಿ ನಿಂಬೆಹಣ್ಣು ತುಳಿದು, ಸೆಲ್ಲಾರಿನ ಏರು ಹತ್ತಿ, ಗೇಟು ದಾಟಿ, ಗುಡಿಯ ಸುತ್ತ ಒಂದು ಸುತ್ತು ಬರಬೇಕು. ಸುಮಂಗಲಾ ಕೈಮುಗಿದು ಕೂತು ಕೀಲಿ ತಿರುವಿದಳು. ಗುಡುಗಿಗೆ ರಾವ್ ಗಾರು ಅಭ್ಯಾಸಬಲದಿಂದ ತಮ್ಮ ಮನೆಯ ಲೋಟಗಳನ್ನು ನೆನೆದು ಮೇಲೆ ನೋಡಿದರು. ಕಾರು ಮುಂದಕ್ಕೆ ಮಿಸುಕಿತು. ಮುಂದಿನ ನಿಂಬೆಹಣ್ಣು ಪಚಕ್ಕೆಂದು ಶಾಸ್ತ್ರೋಕ್ತವಾಗಿ ಒಡೆದವು. ಹಿಂದಿನವು ಒಡೆಯಲಿಲ್ಲ, ಎಣ್ಣೆಗಾಲಿಯ ಕೆಳಗಿನಿಂದ ಪುಸಕ್ಕನೆ ಜಾರಿ, ಜನರ ತಲೆಯ ಮೇಲೆ ಹಾರಿ, ಉಪ್ಪಲ್ ಸ್ಟೇಡಿಯಮ್ಮಿನ ದಿಕ್ಕಿಗೆ ಸಿಕ್ಸರ್ ಹೋದವು. ಅವು ಇನ್ನೂ ಸಿಕ್ಕಿಲ್ಲ.

ಏರಿನ ಬುಡ ಮುಟ್ಟಿದ್ದೇ ತಡ, ಹಿಂದಿನ ಗಾಲಿಗಳು ಬೆಣ್ಣೆಯಲ್ಲಿ ಕಡಗೋಲು ತಿರುಗಿದ ಹಾಗೆ ತಿರುಗತೊಡಗಿದವು. ಕಾರು ಒಂದು ಗೇಣು ಏರಿತು, ಎರಡು ಗೇಣು ಇಳಿಯಿತು. ಸುಮಂಗಲಾ ಮೆಲ್ಲಗೆ ಬಿಟ್ಟು ನೋಡಿದಳು, ಹಿಂದಕ್ಕೆ ತಂದು ನೋಡಿದಳು. ಐನೂರು ಕುದುರೆ ಕೂಡಿ ಒಂದು ಕಾರನ್ನು ಸೆಲ್ಲಾರಿನಿಂದ ಹೊರಗೆಳೆಯಲಾರದೆ ನಿಂತವು. ಅದೇ ಏರನ್ನು ಹಾಲಿನವನ ಸೈಕಲ್ಲು ದಿನಾ ಏರುತ್ತಿತ್ತು.

ಚಹಾದಂಗಡಿಯವನು ಹಿಂದಿನಿಂದ ಕೂಗಿದ: "ಮಲ್ಲಣ್ಣ ಚಾಚಾ, ಚಾರ್‌ಮಿನಾರ್ ಬಾದ್ ಮೇ ದೇಖೇಂಗೆ, ಪೈಲೇ ಸೆಲ್ಲಾರ್ ಚಡಾವ್!"

ಚಾರ್‌ಮಿನಾರ ಆಮೇಲೆ ನೋಡೋಣ, ಮೊದಲು ಸೆಲ್ಲಾರು ಏರಿಸಿರೆಂಬ ಮಾತಿಗೆ ಜನ ನಕ್ಕರು. ರಾವ್ ಗಾರು ತೆಲುಗಿನಲ್ಲಿ, ತಳ್ಳಲು ನಾಲ್ಕು ಜನರನ್ನು ಕರೆಯಲೇ ಎಂದು ಸೌಜನ್ಯದಿಂದ ಕೇಳಿದರು. ಅದು ನಗುವಿಗಿಂತ ಹೆಚ್ಚು ಚುಚ್ಚಿತು. ದೀಪಕ ಹೆಂಡತಿಯ ಬಾಗಿಲ ಹತ್ತಿರ ಬಂದು ನಿಂತ. ಪಾಪ, ಅವನ ಮುಖದ ಅರ್ಧ ಮರುಗುತ್ತಿತ್ತು, ಇನ್ನರ್ಧ ಹಗುರಾಗಿತ್ತು. "ಸುಮಾ, ತಳ್ಳಿದ್ರ ತನ್ನ ಕಾಲ ಮ್ಯಾಲೆ ತಾನು ದಾಟಿದಂಗ ಆಗೂದಿಲ್ಲ," ಎಂದ ಮೆಲ್ಲಗೆ. "ನಾ ನಮ್ಮ ಬ್ಯಾಂಕಿನವಗ ಫೋನ್ ಮಾಡತೀನಿ."

ಮಲ್ಲಣ್ಣನವರಿಗೆ ಕಾಲ ಕೆಳಗಿನ ನೆಲಕ್ಕೂ ಯಾರೋ ಎಣ್ಣೆ ಹಚ್ಚಿದಂತಾಯಿತು. ತಮ್ಮ ಅಂಗೈ ನೋಡಿಕೊಂಡರು. ಇನ್ನೂ ಜಿಡ್ಡು ಹೋಗಿರಲಿಲ್ಲ. ಕೈ ಮೂಗಿನ ಹತ್ತಿರ ತಂದರು, ಕುಸುಬಿಯ ವಾಸನೆ. ಆಯುಷ್ಯವೆಲ್ಲ ಬೇರೆಯವರ ತಪ್ಪು ಎತ್ತಿ ತೋರಿಸಿದ ಬೆರಳಿಗೆ ಈಗ ತೋರಿಸಲು ಒಬ್ಬನೇ ಉಳಿದಿದ್ದ. ಬಾಯಿ ಬಿಟ್ಟರೆ ಉಪ್ಪಲ್ಲು ನಗುತ್ತದೆ. ಬಿಡದಿದ್ದರೆ ಕಾರು ಹೋಗುತ್ತದೆ.

ಅಷ್ಟರಲ್ಲಿ ಸುಮಂಗಲಾ ಇಳಿದು ಬಂದು, ಟೈರಿನ ಮೇಲೆ ಬೆರಳೆಳೆದು, ಮೂಗಿಗೆ ಹಿಡಿದಳು. ಅವಳ ಹುಬ್ಬು ಏರಿತು.

"ಅತ್ತಿಯಾರ, ಮನ್ಯಾಗ ಕುಸುಬಿ ಎಣ್ಣಿ ಐತೇನ್ರೀ?"

"ನಿನ್ನೆರ ಡಬ್ಬಿ ತುಂಬ ಇತ್ತವ್ವ. ಮುಂಜಾನೆ ಒಗ್ಗರಣಿಗೆ ಹುಡಿಕಿದ್ರ ಡಬ್ಬಿನ ಇಲ್ಲ," ಎಂದರು ಗುರುಬಾಯಿ. ಹೇಳುತ್ತ ಹೇಳುತ್ತ ಅವರ ಕಣ್ಣು ಗಂಡನ ಕೈಯ ಕಡೆ ಹೋಯಿತು.

"ನಾನ ಹಚ್ಚೀನಿ," ಎಂದರು ಮಲ್ಲಣ್ಣನವರು, ಸೆಲ್ಲಾರಿಗೆಲ್ಲ ಕೇಳುವಂತೆ. "ಖಂಡೇಪೂಜಿ ದಿನ ಎಣ್ಣಿ ಕಾಣಸಲಾರ್ದ ಪೂಜಿ ಮಾಡತಾರೇನ್ರೀ? ಟೈರಿಂದು ತಪ್ಪಿಲ್ಲ, ಸೊಸೀದು ತಪ್ಪಿಲ್ಲ. ಮಾರೂದಿದ್ರ ನನ್ನ ಮಾರ್ರಿ!"

"ಯಾರ್ ತೊಗೋತಾರ ನಿಮ್ಮನ್ನ?" ಎಂದರು ಗುರುಬಾಯಿ. "ಪುಗಸಟ್ಟೆ ಎಣ್ಣಿ ಸುರದಿದ್ದಕ್ಕ ಗಾಣದಾಂವ ಸುದ್ದಾ ಒಲ್ಲೆ ಅಂತಾನ."

ಎಲ್ಲರೂ ಸುಮಂಗಲಾ ಸಿಡಿದಾಳೆಂದು ಕಾದರು. ಅವಳು ನಗತೊಡಗಿದಳು. ಮೊದಲು ತುಟಿಯಲ್ಲಿ, ಆಮೇಲೆ ಟೈರಿಗೆ ಆತು ನಿಂತು, ಕಣ್ಣಲ್ಲಿ ನೀರು ಬರುವ ತನಕ. ಆಮೇಲೆ ಮಾವನ ಹತ್ತಿರ ಬಂದಳು.

"ಮಾವಾರ, ಎಣ್ಣಿ ಹಚ್ಚಿದ್ದು ತಪ್ಪಲ್ರೀ. ಹಚ್ಚಿ, ಮ್ಯಾಲೆ ನೀರು ಎರೀಲಾರ್ದ ಬಿಟ್ಟೀರಲ್ಲ, ಅದು ತಪ್ಪು. ಹಬ್ಬದಾಗ ಕೂಸಿಗೆ ಹಿಂಗ ಮಾಡತಾರೇನು?" ಗಂಡನ ಕಡೆ ತಿರುಗಿದಳು. "ಫೋನ್ ಕೆಳಗಿಡ್ರಿ. ದಾಟದ ದಿನ ಮಾರೂಣು ಅಂದೀರಿ. ಹೊತ್ತು ಮುಣಗೋತನಕ ದಿನ ಮುಗಿಯಂಗಿಲ್ಲ."

ಮುಂದಿನದನ್ನು 'ಟೈರಿನ ಅಭ್ಯಂಜನ' ಎಂದು ಉಪ್ಪಲ್ಲಿನ ಕನ್ನಡಿಗರು ಈಗಲೂ ನೆನೆಯುತ್ತಾರೆ. ಗುರುಬಾಯಿ ಹಂಡೆಗಟ್ಟಲೆ ನೀರು ಕಾಸಿದರು. ಡಬ್ಬಿಯಲ್ಲಿದ್ದ ಸೀಗೆಪುಡಿಯೆಲ್ಲ ಕೆಳಗಿಳಿಯಿತು, ಸಾಲದ್ದಕ್ಕೆ ಕಡಲೆಹಿಟ್ಟು. ಹಿಂದಿನ ಗಾಲಿಗಳನ್ನು ಜಾಕಿನ ಮೇಲೆ ಎತ್ತಿ, ಮಣೆ ಹಾಕಿದ ಮಲ್ಲಣ್ಣನವರು ಒಂದು ಟೈರು, ಸೊಸೆ ಒಂದು ಟೈರು ತಿಕ್ಕಿದರು. ಗುರುಬಾಯಿ ಚೆಂಬಿನಿಂದ ಎರೆದರು. ತೆಲುಗು ಹೆಂಗಸರು ಮೊದಲು ಬಾಯಿಗೆ ಸೆರಗು ಹಿಡಿದು ನಿಂತರು, ಆಮೇಲೆ ಸೆರಗು ಸಿಕ್ಕಿಸಿ ತಾವೂ ಕೈಹಾಕಿದರು. ಕಣ್ಣಿಗೆ ಸೀಗೆ ಹೋಗಿ ಟೈರು ಅತ್ತಿತೆಂದು ಮಲ್ಲಣ್ಣನವರು ಹೇಳುತ್ತಾರೆ. ಅತ್ತವರು ಅವರೇ ಇರಬೇಕು.

ಒರೆಸಿ ಒಣಗಿಸಿದ ಮೇಲೂ ರಬ್ಬರಿನ ಒಳಗೆ ಹೊಕ್ಕ ಎಣ್ಣೆ ಉಳಿದಿತ್ತು. "ಇನ್ನ ಇದು ಬೆವತ್ರ ಹೋಗೂದು," ಎಂದಳು ಸುಮಂಗಲಾ. ಪಂದ್ಯದ ದಿನ ಡ್ರ್ಯಾಗ್ ಟೈರಿನವರು ಮೊದಲು ಮಾಡುವ ಕೆಲಸವೇ ಅದು: ಮುಂದಿನ ಬ್ರೇಕು ಬಿಗಿಹಿಡಿದು ಹಿಂದಿನ ಗಾಲಿಯನ್ನಷ್ಟೇ ನಿಂತಲ್ಲಿ ತಿರುಗಿಸುವುದು. ಮೇಲಿನ ಕೊಳೆಯ ಪದರು ಸುಟ್ಟು ಹೋಗಿ, ಕೆಳಗಿನ ಹೊಸ ರಬ್ಬರು ಬಿಸಿಯಾಗಿ ಅಂಟುಗೂಡುತ್ತದೆ. ಕಾರನ್ನು ಸೆಲ್ಲಾರಿನೊಳಗೇ ಹಿಂಬದಿಯಲ್ಲಿ ಮುಗಿಲಿಗೆ ತೆರೆದ ಸಮತಟ್ಟು ಜಾಗಕ್ಕೆ ತಂದು, ಎಲ್ಲರನ್ನೂ ದೂರ ನಿಲ್ಲಿಸಿ, ಕಾಲೂರಿ ಕೂತಳು.

ಆಮೇಲೆ ಎದ್ದ ಹೊಗೆಯಲ್ಲಿ ಅಪಾರ್ಟ್‌ಮೆಂಟು ಕಾಣದಾಯಿತು. ಆದರೆ ಸುದ್ದಿಯಾದದ್ದು ಹೊಗೆಯಲ್ಲ, ವಾಸನೆ. ಕಾದ ಕುಸುಬಿ ಎಣ್ಣೆ, ಅದರಲ್ಲಿ ಕಡಲೆಹಿಟ್ಟು! ಉಪ್ಪಲ್ಲಿನ ತುಂಬ ಮಿರ್ಚಿ ಭಜಿಯ ಘಮಘಮ. ಪಕ್ಕದ ಓಣಿಯವರು ತಟ್ಟೆ ಹಿಡಿದು ಗೇಟಿಗೆ ಬಂದರು. ನಾಗೋಲಿಗೆ ಹೋಗಬೇಕಾದ ಮೆಟ್ರೊದವರು ಮೂಗು ಎಳೆದ ಕಡೆ ಉಪ್ಪಲ್ಲಿನಲ್ಲೇ ಇಳಿದರು. ಮೂಲೆಯ ಭಜಿಯಂಗಡಿಯವನು ತನ್ನ ಬಾಣಲೆ ತಣ್ಣಗಿರುವುದನ್ನು ಮುಟ್ಟಿ ಮುಟ್ಟಿ ನೋಡಿಕೊಂಡ. ರಾವ್ ಗಾರು ಸಿಟ್ಟಿನಿಂದ ದೂರು ಹೇಳಲು ಬಾಯಿ ತೆರೆದರು, ಬಾಯಲ್ಲಿ ನೀರು ತುಂಬಿ ಮಾತು ಹೊರಡಲಿಲ್ಲ.

ಹೊಗೆ ಹರಿಯಿತು. ಸುಮಂಗಲಾ ಟೈರಿಗೆ ಅಂಗೈ ಒತ್ತಿ ನೋಡಿದಳು. ಅಂಗೈ ಅಂಟಿ ಚಟ್ಟೆಂದು ಬಿಟ್ಟಿತು. ಎಡಬದಿಯ ಬಾಗಿಲು ತೆರೆದು, "ಬರ್ರಿ ಮಾವಾರ, ಹತ್ರಿ," ಎಂದಳು. ಮಲ್ಲಣ್ಣನವರು ಸೀಗೆಯ ಕೈಯನ್ನು ಧೋತರಕ್ಕೆ ಒರೆಸಿಕೊಂಡು ಕೂತರು. ಈ ಸಲ ಜಂಬದ ಮಾತು ಬರಲಿಲ್ಲ. ಮನಸ್ಸಿನಲ್ಲೇ ಶಹಾಪುರದ ದೇವರು ಚರಬಸವೇಶ್ವರನನ್ನು ನೆನೆದರು.

ಕಾರು ಏರಿನ ಬುಡಕ್ಕೆ ಬಂತು, ಹಿಂಗಾಲನ್ನು ತುಸು ಕುಕ್ಕರಿಸಿತು, ಎದ್ದಿತು. ಯಾರೋ ಮೇಲಿನಿಂದ ಹಗ್ಗ ಹಾಕಿ ಜಗ್ಗಿದ ಹಾಗೆ ಒಂದೇ ದಮ್ಮಿಗೆ ಏರು ಹತ್ತಿ, ಚೆಂಡುಹೂ ಉದುರಿಸುತ್ತ ಗೇಟು ದಾಟಿತು. ಮಲ್ಲಣ್ಣನವರ ಬೆನ್ನು ಸೀಟಿಗೆ ಅಂಟಿತು, ಕನ್ನಡಕ ಹಣೆಗೇರಿತು, ವಯಸ್ಸಿನ ಇಪ್ಪತ್ತು ವರ್ಷ ಹಿಂದೆ ಸೆಲ್ಲಾರಿನಲ್ಲೇ ಉಳಿದವು. ಸಿಳ್ಳೆ ಹೊಡೆದವರಲ್ಲಿ ಚಹಾದಂಗಡಿಯವನೇ ಮೊದಲಿಗ. ಗುಡಿಯ ಸುತ್ತು ಮುಗಿಸಿ ಬಂದಾಗ ಹೊತ್ತು ಇನ್ನೂ ನೆತ್ತಿಯ ಮೇಲಿತ್ತು.

ಗೇಟಿನ ಬಳಿ ದೀಪಕ ಕಾದು ನಿಂತಿದ್ದ. ಹೆಂಡತಿ ಇಳಿಯುವಾಗ ಅವನ ಮುಖದಲ್ಲೂ ನಗುವಿತ್ತು. ಆದರೆ ಬ್ಯಾಂಕಿನವನು, ಕರಾರಿನ ಮಾತನ್ನು ಸುಲಭಕ್ಕೆ ಬಿಟ್ಟಾನೆಯೆ?

"ಚಂದ ಏರಿತು, ಇಲ್ಲ ಅನ್ನೂದಿಲ್ಲ," ಎಂದ. "ಆದ್ರ ತನ್ನ ಕಾಲ ಮ್ಯಾಲೆ ತಾನು ದಾಟಬೇಕು ಅಂತ ಮಾತಾಗಿತ್ತು. ಇದಕ್ಕ ಅವ್ವ ಬಿಸಿನೀರು ಕಾಸಿದ್ಲು, ಅಪ್ಪ ತಿಕ್ಕಿದ, ನಾಕ ಮಂದಿ ಒರಸಿದ್ರು. ತಾನ ದಾಟಿದಂಗ ಆತೇನು? ರಾವ್ ಗಾರು, ನೀವ ನ್ಯಾಯ ಹೇಳ್ರಿ."

ರಾವ್ ಗಾರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಸುಮಂಗಲಾ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿದಳು.

"ದಿನಾ ಮುಂಜಾನೆ ನಿಮಗ ಅತ್ತಿಯಾರು ಬಿಸಿನೀರು ಕಾಸತಾರ, ಮಾವಾರು ನಾಕ ಸಲ ಒದರಿ ಎಬ್ಬಸತಾರ, ನಾ ಅಂಗಿ ಹುಡುಕಿಕೊಟ್ಟು, ಕೈಯಾಗ ಡಬ್ಬಿ ಇಟ್ಟು, ಬಾಗಲತನಕ ದಬ್ಬತೀನಿ. ನಿಮ್ಮ ಕರಾರಿನ ಪ್ರಕಾರ ಮೊದಲ ಯಾರನ್ನ ಮಾರೂಣ್ರೀ?"